ಎಟ್ಸಿಯೊನ ಬಿಳಿ ನಿಲುವಂಗಿ: ಹೊಲಿಯುವುದು, ಹಳತು ಮಾಡುವುದು

ಪ್ರಶ್ನೆ: ಅಸಾಸಿನ್ಸ್ ಕ್ರೀಡ್ 2 ವಿಡಿಯೊ ಆಟದ ಎಟ್ಸಿಯೊ ಆಡಿಟೋರೆಯ ವೇಷ ಹೊಲಿಯುತ್ತಿದ್ದೇನೆ. ಬೆಂಗಳೂರಿನ ಕಾಮಿಕ್ ಕಾನ್‌ಗೆ ಹಾಕಿಕೊಂಡು ಹೋಗಬೇಕು. ಮೂರು ಕಡೆ ಸಿಕ್ಕಿಬಿದ್ದಿದ್ದೇನೆ. ಹುಡ್‌ನ ಮುಂದಿನ ಕೊಕ್ಕು ಕಣ್ಣಿನ ಮೇಲೆ ಜೋತುಬೀಳುತ್ತದೆ. ಟೀ ಡಿಕಾಕ್ಷನ್‌ನಲ್ಲಿ ಅದ್ದಿದರೆ ಬಟ್ಟೆ ಒಂದು ಕಡೆ ಕಂದಾಗಿ ಇನ್ನೊಂದು ಕಡೆ ಬೆಳ್ಳಗೇ ಉಳಿಯಿತು, ಹೊಲಿಗೆ ಗೆರೆಗಳಂತೂ ಎದ್ದು ಹೊಳೆಯುತ್ತಿವೆ. ಕಂದು ಬಣ್ಣ ಸಿಂಪಡಿಸಿದ ಮೇಲೆ ಹಳೆಯ ಉಡುಪಿನಂತೆ ಕಾಣುವುದಿಲ್ಲ, ಕೆಸರಿಗೆ ಬಿದ್ದು ಎದ್ದ ಹಾಗಿದೆ. ಮೊದಲಿಂದ ಶುರು ಮಾಡಲೂ ತಯಾರಿದ್ದೇನೆ. ಯಾವ ಬಟ್ಟೆ, ಯಾವ ಕ್ರಮ?

ಉತ್ತರ: ನಿಮ್ಮ ಮೂರೂ ತೊಂದರೆಗಳ ಬೇರು ಒಂದೇ. ಹೊಲಿಗೆ ಮುಗಿದ ಮೇಲೆ ಹಳತು ಮಾಡುವ ಯೋಚನೆ ಬಂದಿದೆ. ಉಡುಪು ಹೇಗೆ ಹಳತಾಗಬೇಕೆಂಬುದು ಅಂಗಡಿಯಲ್ಲಿ ಬಟ್ಟೆ, ದಾರ, ಕ್ಯಾನ್ವಾಸ್ ಆರಿಸುವಾಗಲೇ ಅರ್ಧ ತೀರ್ಮಾನವಾಗಿಬಿಡುತ್ತದೆ. ಆಗ ತಪ್ಪಿದ್ದನ್ನು ಕೊನೆಯಲ್ಲಿ ಬಣ್ಣ ಹೊಡೆದು ಸರಿಮಾಡಲು ಆಗುವುದಿಲ್ಲ. ಈಗಿರುವ ನಿಲುವಂಗಿಯನ್ನು ಎಸೆಯಬೇಡಿ. ಅದನ್ನು ಅಂಗೈಯಗಲದ ತುಂಡುಗಳಾಗಿ ಕತ್ತರಿಸಿಟ್ಟುಕೊಂಡರೆ ಉಜ್ಜುವುದು, ಬ್ಲೀಚ್, ಬಣ್ಣ ಎಲ್ಲವನ್ನೂ ಕೈ ಪಳಗುವವರೆಗೆ ಅದರ ಮೇಲೇ ನೋಡಬಹುದು.

ಕತ್ತರಿ ಹಿಡಿಯುವ ಮೊದಲು ಯಾವ ವರ್ಷದ ಎಟ್ಸಿಯೊ ಎಂದು ನಿರ್ಧರಿಸಿ. ಆಟದ ಕಥೆ ಬಹುಪಾಲು 1476ರಿಂದ 1499ರವರೆಗೆ ಹಬ್ಬಿದೆ. ನಿಲುವಂಗಿ ಅವನ ಅಪ್ಪನದು, ಮನೆಯ ಗುಪ್ತಕೋಣೆಯ ಪೆಟ್ಟಿಗೆಯಿಂದ ತೆಗೆದದ್ದು. ಅಂದರೆ ಮೊದಲ ದಿನವೇ ಅದು ಹೊಸ ಬಟ್ಟೆಯಲ್ಲ. ಬೇರೆಯವರ ಮೈಮೇಲೆ ಸವೆದು, ಮಡಿಕೆಯಲ್ಲಿ ಕೂತು, ಮಡಿಕೆಯ ಗೆರೆಗಳಲ್ಲಿ ಸ್ವಲ್ಪ ಹಳದಿ ತಿರುಗಿದ ಬಟ್ಟೆ. 1476ರ ಎಟ್ಸಿಯೊ ಬೇಕಿದ್ದರೆ ಆ ಮಡಿಕೆಯ ಗೆರೆ, ಕೊರಳು ಮತ್ತು ಮುಂಗೈಯ ತೆಳು ಸವೆತ ಸಾಕು. ವರ್ಷಗಟ್ಟಲೆ ಗೋಡೆ ಹತ್ತಿ, ಹೆಂಚಿನ ಮೇಲೆ ಓಡಿ, ಹುಲ್ಲಿನ ಗಾಡಿಗೆ ಜಿಗಿದ ಎಟ್ಸಿಯೊ ಬೇಕಿದ್ದರೆ ಸವೆತ ಎದೆ, ಹೊಟ್ಟೆ, ಮುಂಗೈಯ ಒಳಭಾಗ, ಮಂಡಿಗೆ ಬರಬೇಕು. ಗೋಡೆಗೆ ಉಜ್ಜುವುದು ಆ ಜಾಗಗಳೇ. ಬೆನ್ನು ಹೆಚ್ಚುಕಡಿಮೆ ಚೆನ್ನಾಗಿಯೇ ಉಳಿಯುತ್ತದೆ. ನಾಲ್ಕೂ ಕಡೆ ಒಂದೇ ಸಮ ಸವೆಸಿದ ವೇಷಗಳು ಸುಳ್ಳೆನಿಸುವುದು ಇದರಿಂದಲೇ.

ಬಿಳಿ ಎಷ್ಟು ಬಿಳಿ ಎಂಬುದಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಆಟದಲ್ಲೇ ದರ್ಜಿಯ ಅಂಗಡಿಗೆ ಹೋಗಿ ಉಡುಪಿನ ಬಣ್ಣ ಬದಲಿಸಬಹುದು. ಕೊಕ್ಕಿನ ಹುಡ್ ಇರುವ ಇಂಥ ನಿಲುವಂಗಿ 15ನೇ ಶತಮಾನದ ಫ್ಲಾರೆನ್ಸ್‌ನಲ್ಲಿ ಯಾರೂ ತೊಟ್ಟದ್ದಲ್ಲ, ಅದು ಆಟದ ವಿನ್ಯಾಸಕಾರರ ಕಲ್ಪನೆ. ಆ ಕಾಲದ ಗಂಡಸರು ಲಿನನ್ ಅಂಗಿ, ಅದರ ಮೇಲೆ ಮೈಗಂಟಿದ ಡಬ್ಲೆಟ್ ಎಂಬ ಕುಪ್ಪಸ, ದಾರದಿಂದ ಬಿಗಿದ ಕಾಲುಚೀಲದಂಥ ಹೋಸ್ ತೊಡುತ್ತಿದ್ದರು. ಇತಿಹಾಸದಿಂದ ನೀವು ತೆಗೆದುಕೊಳ್ಳಬೇಕಾದದ್ದು ಬಟ್ಟೆಯ ನಾರು ಮತ್ತು ಹೊಲಿಗೆಯ ರೀತಿ: ಲಿನನ್, ಉಣ್ಣೆ, ದಾರದ ಕಟ್ಟು. ಜಿಪ್, ವೆಲ್ಕ್ರೊ ಬೇಕೇ ಬೇಕೆಂದರೆ ಒಳಗೆ ಅಡಗಿರಲಿ.

ಬಟ್ಟೆ ಮತ್ತು ದಾರ

ನಿಲುವಂಗಿಗೆ 200ರಿಂದ 250 ಜಿಎಸ್ಎಂ (ಚದರ ಮೀಟರಿಗೆ ಗ್ರಾಂ) ತೂಕದ ಲಿನನ್ ಅತ್ಯುತ್ತಮ. ಬೆಲೆ ಹೆಚ್ಚೆನಿಸಿದರೆ ಅದೇ ತೂಕದ ಶುದ್ಧ ಹತ್ತಿಯ ಡ್ರಿಲ್ (ಓರೆ ನೇಯ್ಗೆಯ ಗಟ್ಟಿ ಬಟ್ಟೆ). 58 ಇಂಚು ಪನ್ನಾದ ಬಟ್ಟೆಯಾದರೆ ಸುಮಾರು 5 ಮೀಟರ್, 44 ಇಂಚಿನದಾದರೆ 7 ಮೀಟರ್ ಹಿಡಿಯುತ್ತದೆ. ಪ್ರಯೋಗಕ್ಕೆಂದು ಇನ್ನೊಂದು ಮೀಟರ್ ಅದೇ ಥಾನಿನಿಂದಲೇ ಕೊಳ್ಳಿ, ಬೇರೆ ಥಾನು ಬಣ್ಣ ಹೀರುವ ರೀತಿಯೇ ಬೇರೆ. ಚಿಕ್ಕಪೇಟೆಯಲ್ಲಾಗಲಿ ಇನ್ನೆಲ್ಲೇ ಆಗಲಿ ‘ಪ್ಯೂರ್ ಕಾಟನ್’ ಎಂದ ಮಾತನ್ನಷ್ಟೇ ನಂಬಬೇಡಿ. ನಾಲ್ಕು ಎಳೆ ಎಳೆದು ಸುಟ್ಟು ನೋಡಿ. ಹತ್ತಿ, ಲಿನನ್ ಎರಡೂ ಕಾಗದದಂತೆ ಉರಿದು ಮೆತ್ತನೆ ಬೂದಿಯಾಗುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಕಪ್ಪು ಮಣಿಯಾಗುತ್ತದೆ. ಬೆರಕೆ ಬಟ್ಟೆಯಲ್ಲಿ ಉರಿಯೂ ಕಾಣುತ್ತದೆ, ಮಣಿಯೂ ಉಳಿಯುತ್ತದೆ. ಪಾಲಿಯೆಸ್ಟರ್ ಟೀಯನ್ನು ಹಿಡಿಯುವುದಿಲ್ಲ, ಬ್ಲೀಚಿಗೆ ಜಗ್ಗುವುದಿಲ್ಲ, ಉಜ್ಜಿದರೆ ಪಿಸಿಯುವ ಬದಲು ಮೇಲೆ ಸಣ್ಣ ಉಂಡೆಗಳನ್ನು ಕಟ್ಟುತ್ತದೆ.

ನಿಮ್ಮ ಹೊಲಿಗೆ ಗೆರೆಗಳು ಹೊಳೆಯುತ್ತಿರುವುದಕ್ಕೂ ಇದೇ ಕಾರಣ. ಬಟ್ಟೆ ಹತ್ತಿಯದಾದರೂ ದಾರ ಪಾಲಿಯೆಸ್ಟರಿನದು. ಪೇಟೆಯಲ್ಲಿ ಸುಮ್ಮನೆ ದಾರ ಕೇಳಿದರೆ ಕೊಡುವುದು ಹೆಚ್ಚಾಗಿ ಅದನ್ನೇ. ಹತ್ತಿಯ ದಾರ ಸಿಕ್ಕರೆ ಬಟ್ಟೆಯ ಜೊತೆಗೇ ಅದಕ್ಕೂ ಬಣ್ಣ ಹತ್ತುತ್ತದೆ. ಸಿಗದಿದ್ದರೆ ಮೊದಲೇ ಒಂದು ತುಂಡನ್ನು ಟೀಯಲ್ಲಿ ಅದ್ದಿ ಒಣಗಿಸಿ, ಆ ಬಣ್ಣಕ್ಕೆ ಹೊಂದುವ ಪಾಲಿಯೆಸ್ಟರ್ ದಾರವನ್ನು ಆರಿಸಿ. ಕತ್ತರಿಸಿದ ಅಂಚಿಗೆ ಬಿಳಿ ಓವರ್‌ಲಾಕ್ ಹೊಡೆಸಬೇಡಿ. ಸೊಂಟದ ಕೆಳಗೆ ಸೀಳಿಕೊಂಡಿರುವ ಬಾಲಗಳು ನಡೆಯುವಾಗ ಮಗುಚುತ್ತವೆ, ಆಗ ಓವರ್‌ಲಾಕಿನ ದಾರವೇ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ. ಎಲ್ಲ ಜೋಡಣೆಗೂ 1.5 ಸೆಂ.ಮೀ. ಮಾರ್ಜಿನ್ ಬಿಟ್ಟು, ಜೀನ್ಸ್ ಪ್ಯಾಂಟಿನ ಒಳಗಾಲಿನ ಹೊಲಿಗೆಯಂತೆ ಅಂಚನ್ನು ಒಳಗೆ ಮಡಿಸಿ ಡಬಲ್ ಹೊಲಿಗೆ ಹಾಕಿ. ಇದರಿಂದ ಇನ್ನೊಂದು ಲಾಭ: ನಾಲ್ಕು ಪದರ ಸೇರಿದ ಕಡೆ ಉಬ್ಬು ಮೂಡುತ್ತದೆ, ಮುಂದೆ ಉಜ್ಜಿದಾಗ ಉಬ್ಬು ತಿಳಿಯಾಗಿ ಪಕ್ಕದ ತಗ್ಗಿನಲ್ಲಿ ಬಣ್ಣ ನಿಲ್ಲುತ್ತದೆ. ಸವೆತ ಹಿಡಿಯಲು ಉಡುಪಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಡ್ರಿಲ್‌ಗೆ 14ನೇ ನಂಬರಿನ ಸೂಜಿ, ಪದರ ದಪ್ಪವಾದ ಕಡೆ 16.

ಹೊಲಿಯುವ ಮೊದಲೇ ಬಟ್ಟೆಯನ್ನು ಒಗೆಯಲೇಬೇಕು. ಅಂಗಡಿಯ ಬಟ್ಟೆಗೆ ಗಂಜಿ, ಮೆರುಗಿನ ಲೇಪ ಇರುತ್ತದೆ. ಅದು ಉಳಿದ ಕಡೆ ಟೀ ಇಳಿಯುವುದಿಲ್ಲ, ನಿಮ್ಮ ಬಟ್ಟೆಯಲ್ಲಿ ಬಿಳಿ ತೇಪೆ ಉಳಿದದ್ದು ಬಹುತೇಕ ಹೀಗೆಯೇ. ಸೋಪಿನ ಪುಡಿ ಮತ್ತು ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಎರಡು ಸಲ ಒಗೆದು ಒಣಗಿಸಿ, ಮೇಲೆ ಒಂದು ಹನಿ ನೀರು ಬಿಡಿ. ಹನಿ ಉರುಳದೆ ತಕ್ಷಣ ಇಂಗಿದರೆ ಬಟ್ಟೆ ಸಿದ್ಧ. ಕುಗ್ಗುವುದಿದ್ದರೆ ಅದೂ ಇಲ್ಲೇ ಕುಗ್ಗಿ ಮುಗಿಯುತ್ತದೆ.

ಕೊಕ್ಕು ಯಾಕೆ ಜೋಲುತ್ತದೆ

ಹುಡ್ ಅನ್ನು ಎರಡು ತುಂಡಿನಲ್ಲಿ ಹೊಲಿದರೆ ನಡುವೆ ಒಂದೇ ಹೊಲಿಗೆ ಬರುತ್ತದೆ, ಕೊಕ್ಕಿಗೆ ಅಗಲ ಸಿಗುವುದಿಲ್ಲ. ಮೂರು ತುಂಡು ಮಾಡಿ: ಎರಡು ಪಕ್ಕ, ನಡುವೆ ಒಂದು ಪಟ್ಟಿ. 56ರಿಂದ 58 ಸೆಂ.ಮೀ. ಸುತ್ತಳತೆಯ ತಲೆಗೆ ಪಕ್ಕದ ತುಂಡು ಹೆಗಲಿನಿಂದ ನೆತ್ತಿಗೆ 38 ಸೆಂ.ಮೀ. ಎತ್ತರ, 28 ಸೆಂ.ಮೀ. ಆಳ ಇಟ್ಟು ಶುರು ಮಾಡಿ. ನಡುವಿನ ಪಟ್ಟಿ ಕತ್ತಿನ ಬಳಿ 10, ನೆತ್ತಿಯಲ್ಲಿ 15 ಸೆಂ.ಮೀ. ಅಗಲವಿದ್ದು, ಹಣೆಯಿಂದ ಮುಂದೆ 9 ಸೆಂ.ಮೀ. ಚಾಚಿ ಮೊನೆಯಾಗಲಿ. ಮೊದಲು ಕೋರಾ ಬಟ್ಟೆಯಲ್ಲಿ ಕಚ್ಚಾ ಹೊಲಿಗೆ ಹಾಕಿ ತಲೆಗಿಟ್ಟು ನೋಡಿ. ಕನ್ನಡಿಯಲ್ಲಿ ನೇರ ನೋಡಿದಾಗ ಮೊನೆ ಹುಬ್ಬುಗಳ ನಡುವೆ ನಿಂತು, ಅದರ ನೆರಳು ಕಣ್ಣಿನ ಮೇಲೆ ಬೀಳಬೇಕು.

ಕೊಕ್ಕನ್ನು ಗಟ್ಟಿ ಮಾಡಲು ಎಲ್ಲರೂ ಮೊನೆಯಿಂದ ಹಣೆಯವರೆಗೆ ಮಾತ್ರ ಬಕ್ರಂ (ಗಟ್ಟಿ ಒಳಬಟ್ಟೆ) ಇಡುತ್ತಾರೆ. ಆಗ ಹಣೆಯ ಅಂಚಿನಲ್ಲಿ ಗಟ್ಟಿ ಭಾಗ ಮುಗಿದು ಮೆತ್ತನೆಯದು ಶುರುವಾಗುತ್ತದೆ. ಆ ಗೆರೆ ಬಾಗಿಲಿನ ಕೀಲಿನಂತೆ ಮಡಚಿಕೊಂಡು ಇಡೀ ಕೊಕ್ಕು ಕೆಳಗೆ ಬರುತ್ತದೆ. ಆಧಾರ ನೆತ್ತಿಯನ್ನು ದಾಟಿ ಹಿಂದಕ್ಕೆ ಹೋಗಬೇಕು. ಕಾಲರಿಗೆ ಹಾಕುವ ಹೊಲಿಯುವ ಕ್ಯಾನ್ವಾಸನ್ನು ಎರಡು ಪದರ ಇಟ್ಟು, 1.5 ಸೆಂ.ಮೀ. ಅಂತರದ ಸಾಲುಗಳಲ್ಲಿ ಹೊಲಿದು, ನಡುಪಟ್ಟಿಯ ಆಕಾರಕ್ಕೆ ಮೊನೆಯಿಂದ ನೆತ್ತಿಯ ಹಿಂದಿನವರೆಗೂ ಕತ್ತರಿಸಿ. ಅದರ ಎರಡೂ ಅಂಚಿಗೆ ಕೊಳವೆಯಂಥ ಸಣ್ಣ ಪಟ್ಟಿ ಹೊಲಿದು, 7–8 ಮಿ.ಮೀ. ಅಗಲದ ದಪ್ಪ ಕೇಬಲ್ ಟೈಯನ್ನು ಮೊನೆಯಿಂದ ನೆತ್ತಿಯವರೆಗೆ, ಸುಮಾರು 25 ಸೆಂ.ಮೀ. ಉದ್ದಕ್ಕೆ, ತೂರಿಸಿ. ಅದರ ತುದಿಗಳನ್ನು ಅರದಿಂದ ಉರುಟಾಗಿಸಿ ಬಟ್ಟೆ ಸುತ್ತದಿದ್ದರೆ ಒಂದೇ ದಿನದಲ್ಲಿ ಹುಡ್ ತೂತಾಗುತ್ತದೆ.

ಇನ್ನೊಂದು ಗುಟ್ಟು ಎಳೆಯ ದಿಕ್ಕಿನಲ್ಲಿದೆ. ನಡುಪಟ್ಟಿಯ ಮಧ್ಯರೇಖೆ ಹಾಸಿನ ಎಳೆಯ (ಬಟ್ಟೆಯ ಉದ್ದಕ್ಕೆ ಓಡುವ ಎಳೆ) ದಿಕ್ಕಿನಲ್ಲೇ ಇರಲಿ. ಕೊಕ್ಕಿನ ಓರೆ ಅಂಚು ಹೇಗಿದ್ದರೂ ಕ್ರಾಸ್ (ಎಳೆಗೆ ಓರೆ) ಆಗಿಯೇ ಬರುತ್ತದೆ, ತೂಕಕ್ಕೆ ಹಿಗ್ಗುತ್ತದೆ. ಮುಖದ ಸುತ್ತಿನ ಅಂಚಿಗೆ ಹತ್ತಿಯ ಟೇಪನ್ನು ಅಳತೆಗಿಂತ ಅರ್ಧ ಸೆಂ.ಮೀ. ಕಡಿಮೆ ಇಟ್ಟು ಎಳೆದು ಹೊಲಿದರೆ ಅದು ಅಲೆಯಾಗದೆ ನಿಲ್ಲುತ್ತದೆ. ಹುಡ್ ಹಿಂದಕ್ಕೆ ಜಾರುವುದನ್ನು ತಡೆಯಲು ಒಳಗೆ ಹಣೆಯ ನೇರಕ್ಕೆ ವೆಲ್ವೆಟ್ ಪಟ್ಟಿ, ಎರಡು ಪಕ್ಕದಲ್ಲಿ ಕೂದಲಿನ ಕ್ಲಿಪ್ಪು ಇದ್ದರೆ ಸಾಕು.

ಅಂಗಡಿಯ ಬಕ್ರಂ ಗಟ್ಟಿ ಇರುವುದು ಗಂಜಿ ಅಥವಾ ಅಂಟಿನಿಂದ. ಟೀಯ ಬಿಸಿನೀರಿಗೆ ಬಿದ್ದರೆ ಅದು ಕರಗಿ ಚಿಂದಿಯಂತಾಗುತ್ತದೆ. ನೀವು ಬಕ್ರಂ ಇಟ್ಟು ಹೊಲಿದ ಮೇಲೆ ಅದ್ದಿದ್ದರೆ ಕೊಕ್ಕು ಬಿದ್ದದ್ದಕ್ಕೆ ಅದೂ ಕಾರಣವಿರಬಹುದು. ಆದ್ದರಿಂದ ಹುಡ್‌ನ ಅಸ್ತರಿನಲ್ಲಿ ಕತ್ತಿನ ಹಿಂದೆ 12 ಸೆಂ.ಮೀ. ಬಾಯಿ ಬಿಟ್ಟು ಹೊಲಿಯಿರಿ. ಬಣ್ಣ, ಉಜ್ಜುವಿಕೆ, ಇಸ್ತ್ರಿ ಎಲ್ಲ ಮುಗಿದ ಮೇಲೆ ಕ್ಯಾನ್ವಾಸ್ ಮತ್ತು ಕೇಬಲ್ ಟೈ ಅಲ್ಲಿಂದ ಒಳಗೆ ಹೋಗಲಿ.

ಟೀ, ಅಳಲೆಕಾಯಿ, ಅನ್ನಭೇದಿ

ಹೊಲಿದ ನಿಲುವಂಗಿ ಒಂದು ಕಿಲೋ ತೂಗುತ್ತದೆ ಎಂದುಕೊಳ್ಳಿ. 100 ಗ್ರಾಂ ಟೀಪುಡಿಯನ್ನು 3 ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ, ಬಟ್ಟೆಯಲ್ಲಿ ಸೋಸಿ. ಜರಡಿ ಸಾಲದು, ಚರಟದ ಒಂದೊಂದು ಕಣವೂ ಕಲೆಯಾಗುತ್ತದೆ. ಅದನ್ನು 20 ಲೀಟರ್ ಬಿಸಿನೀರಿಗೆ ಸೇರಿಸಿ, ಮೊದಲೇ ಒದ್ದೆ ಮಾಡಿದ ನಿಲುವಂಗಿಯನ್ನು ಮುಳುಗಿಸಿ ಅರ್ಧ ಗಂಟೆ ಕೈಬಿಡದೆ ಮಗುಚುತ್ತಿರಿ. ಪಾತ್ರೆ ಚಿಕ್ಕದಾದರೂ ಮಗುಚುವುದನ್ನು ಬಿಟ್ಟರೂ ತೇಪೆ ಗ್ಯಾರಂಟಿ. ಒದ್ದೆ ಬಟ್ಟೆ ಯಾವಾಗಲೂ ಗಾಢವಾಗಿ ಕಾಣುತ್ತದೆ, ಒಂದು ಮೂಲೆಯನ್ನು ಇಸ್ತ್ರಿಯಿಂದ ಒಣಗಿಸಿ ನೋಡಿ ನಿರ್ಧರಿಸಿ.

ಬರೀ ಟೀಯ ಬಣ್ಣ ಬೆಚ್ಚಗಿನ ಕಂದು. ಹಳೆಯ ಬಿಳಿ ಬಟ್ಟೆಯಲ್ಲಿ ಕಾಣುವ ಮಾಸಲು ಬೂದು ಅದರಲ್ಲಿಲ್ಲ. ಅದಕ್ಕೆ ಗ್ರಂಥಿಗೆ ಅಂಗಡಿಯ ಅನ್ನಭೇದಿ ಬೇಕು. ಕಬ್ಬಿಣದ ಉಪ್ಪು ಟೀಯ ಟ್ಯಾನಿನ್ ಜೊತೆ ಕೂಡಿ ಬೂದುಗಪ್ಪಾಗುತ್ತದೆ, ಹಿಂದಿನ ಕಾಲದ ಕಬ್ಬಿಣದ ಶಾಯಿಯೂ ಇದೇ ರಸಾಯನ. ಕಿಲೋ ಬಟ್ಟೆಗೆ 5 ಗ್ರಾಂ ಅನ್ನಭೇದಿಯನ್ನು ಬೇರೆ ಬಕೆಟ್‌ನಲ್ಲಿ 20 ಲೀಟರ್ ನೀರಿಗೆ ಕರಗಿಸಿ, ಟೀ ಹಿಡಿದ ಬಟ್ಟೆಯನ್ನು ಎರಡೇ ನಿಮಿಷ ಆಡಿಸಿ ಎತ್ತಿ. ಗಾಳಿಗೆ ಹಿಡಿದಾಗ ಬಣ್ಣ ಇನ್ನೂ ಏರುತ್ತದೆ, ಅದನ್ನು ಕಾದು ನೋಡಿ ಬೇಕಿದ್ದರಷ್ಟೇ ಮತ್ತೆ ಅದ್ದಿ. ಎಡಹೆಗಲಿನ ಕೇಪಿನಂಥ ಗಾಢ ಬೂದು ಬೇಕಾದ ಕಡೆ ಟೀ ಬದಲು ಅಳಲೆಕಾಯಿ ಪುಡಿ, ಬಟ್ಟೆಯ ತೂಕದ ಹತ್ತನೇ ಒಂದು ಭಾಗ. ಕಬ್ಬಿಣ ಹೆಚ್ಚಾದರೆ ಹತ್ತಿಯ ಎಳೆ ಕಾಲಕ್ರಮೇಣ ಪೆಡಸಾಗಿ ಹರಿಯುತ್ತದೆ, ಆದ್ದರಿಂದ ಕೊನೆಯಲ್ಲಿ ಚೆನ್ನಾಗಿ ಜಾಲಿಸಿ. ಈ ಪಾತ್ರೆಗಳು ಮತ್ತೆ ಅಡುಗೆಮನೆಗೆ ಹೋಗಬಾರದು.

ಬ್ಲೀಚ್ ಬೇಕಾಗುವುದು ಸೊಂಟದ ಕೆಂಪು ನಡುಕಟ್ಟಿಗೆ. ಮಿಂಚುವ ಸ್ಯಾಟಿನ್ ಬೇಡ, ಮೂರು ಮೀಟರ್ ಹತ್ತಿಯ ಬಟ್ಟೆ ಸಾಕು. ಒಂದು ಪಾಲು ಬ್ಲೀಚಿಗೆ ನಾಲ್ಕು ಪಾಲು ನೀರು ಬೆರೆಸಿ ಮಡಿಕೆಯ ಏಣುಗಳ ಮೇಲೆ ಮಾತ್ರ ಸಿಂಪಡಿಸಿ, ಬಣ್ಣ ತಿರುಗುವುದನ್ನು ನೋಡುತ್ತಲೇ ಇರಿ. ಕೆಲವು ಕೆಂಪು ಗುಲಾಬಿಗೆ, ಕೆಲವು ಕಿತ್ತಳೆಗೆ ತಿರುಗುತ್ತವೆ, ತುಂಡಿನಲ್ಲಿ ಪರೀಕ್ಷಿಸದೆ ಹೇಳಲಾಗುವುದಿಲ್ಲ. ನೀರಿನಲ್ಲಿ ಜಾಲಿಸಿ, ಲೀಟರಿಗೆ 10 ಗ್ರಾಂ ಹೈಪೊ (ಸೋಡಿಯಂ ಥಯೋಸಲ್ಫೇಟ್) ಕರಗಿಸಿದ ನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಬ್ಲೀಚಿನ ಕೆಲಸ ನಿಲ್ಲುತ್ತದೆ. ವಿನೆಗರ್ ಹಾಕಿದರೆ ನಿಲ್ಲುತ್ತದೆಂದು ಹೇಳುವವರಿದ್ದಾರೆ. ಖಂಡಿತ ಹಾಕಬೇಡಿ, ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಉಣ್ಣೆ, ರೇಷ್ಮೆಗೂ ಬ್ಲೀಚ್ ತಾಗಿಸಬೇಡಿ, ನಾರೇ ಕರಗಿಹೋಗುತ್ತದೆ. ಅನ್ನಭೇದಿ ಹಿಡಿದ ಬಟ್ಟೆಗೆ ತಾಗಿದರೆ ತುಕ್ಕಿನ ಕಲೆ ಕೂರುತ್ತದೆ. ಹಾಗೆಯೇ, ನಡುಕಟ್ಟನ್ನು ಸಿಂಪಡಿಸುವಾಗ ಧರಿಸುವ ರೀತಿಯಲ್ಲೇ ಗಂಟು ಹಾಕಿಡಿ. ಗಂಟಿನ ಒಳಮಡಿಕೆಯಲ್ಲಿ ಹೊಸ ಕೆಂಪು ಉಳಿದು ಹೊರಗೆ ಮಾಸಿದ್ದರೆ, ಹತ್ತಿರ ಬಂದು ನೋಡುವವರಿಗೆ ಅದೊಂದೇ ಸಾಕು.

ಸವೆತ ಮೊದಲು, ಕೊಳೆ ಆಮೇಲೆ

ನಿಮ್ಮ ಮೂರನೇ ತೊಂದರೆ ಇಲ್ಲಿದೆ. ಸವೆತವೆಂದರೆ ಬಟ್ಟೆಯಿಂದ ಏನೋ ಕಳೆದದ್ದು, ಕೊಳೆಯೆಂದರೆ ಬಟ್ಟೆಗೆ ಏನೋ ಸೇರಿದ್ದು. ನೀವು ಕಳೆಯದೆ ಬರೀ ಸೇರಿಸಿದ್ದೀರಿ, ಅದಕ್ಕೇ ಹೊಸ ಬಟ್ಟೆಗೆ ಕೆಸರು ಮೆತ್ತಿದ ಹಾಗೆ ಕಾಣುತ್ತಿದೆ.

ನಿಲುವಂಗಿಯನ್ನು ತೆಳು ಅಕ್ಕಿಗಂಜಿಯಲ್ಲಿ ಅದ್ದಿ ಹಿಂಡಿ, ಒದ್ದೆಯಿರುವಾಗಲೇ ತೊಟ್ಟು, ಬೆಲ್ಟು ಬಿಗಿದು, ಕುಕ್ಕರಗಾಲಿನಲ್ಲಿ ಕೂತು, ಕೈ ಮಡಚಿ. ಮೊಣಕೈ ಮತ್ತು ಸೊಂಟದಲ್ಲಿ ನಿಮ್ಮದೇ ಮೈಯ ನೆರಿಗೆಗಳು ಮೂಡುತ್ತವೆ. ಅಲ್ಲಲ್ಲಿ ದಾರ ಕಟ್ಟಿ ಹಾಗೇ ಒಣಗಿಸಿ. ಈಗ ಏಣುಗಳೆಲ್ಲ ಗಟ್ಟಿಯಾಗಿ ಎದ್ದಿರುತ್ತವೆ. ಒಳಗೆ ಮರದ ತುಂಡು ಹಿಡಿದು, 120 ನಂಬರಿನ ಉಪ್ಪುಕಾಗದದಿಂದ ಆ ಏಣುಗಳನ್ನು, ಕಾಲರಿನ ಮಡಿಕೆಯನ್ನು, ಮುಂಗೈಯ ಒಳಭಾಗವನ್ನು, ಬೆಲ್ಟು ಉಜ್ಜುವ ಅಂಚನ್ನು ಉಜ್ಜಿ. ಬೆಳಕಿಗೆ ಹಿಡಿದಾಗ ಎಳೆಗಳ ನಡುವೆ ಬೆಳಕು ತೂರತೊಡಗಿದರೆ ಅಲ್ಲಿಗೆ ನಿಲ್ಲಿಸಿ.

ಬಾಲಗಳ ಕೆಳ ಅಂಚನ್ನು ಕತ್ತರಿಯಿಂದ ಹರಿಯಬೇಡಿ. ಕತ್ತರಿ ಬಿದ್ದ ಎಳೆಗಳೆಲ್ಲ ಒಂದೇ ಉದ್ದವಾಗಿ, ತುದಿ ಚಪ್ಪಟೆಯಾಗಿ ಇರುತ್ತವೆ. ಸವೆದ ಎಳೆ ತುದಿಗೆ ಹೋಗುತ್ತ ತೆಳುವಾಗಿ, ಒಂದೊಂದು ಒಂದೊಂದು ಉದ್ದ ಇರುತ್ತದೆ. ಅಂಚನ್ನು ಮಾಮೂಲಿನಂತೆ ಮಡಿಸಿ ಹೊಲಿದು, ಮಡಿಕೆಯ ತುದಿಯನ್ನೇ 80 ನಂಬರಿನ ಕಾಗದದಿಂದ ಒಡೆಯುವವರೆಗೆ ಉಜ್ಜಿ, ಸೂಜಿಯಿಂದ ಕೆಲವು ಎಳೆ ಎಳೆದುಬಿಡಿ. ಜೂಲು ಮುಂದುವರಿಯದಂತೆ 1.5 ಸೆಂ.ಮೀ. ಮೇಲೆ ಒಂದು ಸಣ್ಣ ಹೊಲಿಗೆ ಓಡಿಸಿ.

ಕೊಳೆಗೆ ಅಕ್ರಿಲಿಕ್ ಬಣ್ಣ, ಅದರಷ್ಟೇ ಟೆಕ್ಸ್‌ಟೈಲ್ ಮೀಡಿಯಂ (ಬಣ್ಣ ಬಟ್ಟೆಗೆ ಹಿಡಿಯಲು ಬೆರೆಸುವ ದ್ರವ), ಸಿಂಪಡಿಸುವಷ್ಟು ನೀರು. ಊರಿನ ಕೆಮ್ಮಣ್ಣು ಸುಲಭಕ್ಕೆ ಸಿಗುತ್ತದೆಂದು ಮೆತ್ತಬೇಡಿ, ಆ ಕೆಂಪು ಬೇರೆ ನೆಲದ್ದು, ಒಮ್ಮೆ ಹಿಡಿದರೆ ಬಿಡುವುದೂ ಇಲ್ಲ. ರಾ ಸಿಯೆನ್ನಾ, ಬರ್ಂಟ್ ಸಿಯೆನ್ನಾ ಎಂದು ಟ್ಯೂಬಿನಲ್ಲಿ ಮಾರುವ ಬಣ್ಣಗಳು ಫ್ಲಾರೆನ್ಸ್ ಇರುವ ಟಸ್ಕನಿಯ ಸಿಯೆನಾ ಊರಿನ ಮಣ್ಣಿನಿಂದಲೇ ಹೆಸರು ಪಡೆದವು, ಎಟ್ಸಿಯೊನ ಕಾಲಿಗೆ ಹತ್ತುವ ದೂಳು ಅದೇ. ಮೊದಲು ರಾ ಸಿಯೆನ್ನಾ ತೆಳ್ಳಗೆ, ಆಮೇಲೆ ಸುಣ್ಣದ ಗೋಡೆಗೆ ಉಜ್ಜಿದ ಕಡೆ ಬೂದುಬಿಳಿ, ಕಡೆಗೆ ಗಾಢ ಕಂದಿನ ರಾ ಅಂಬರ್ ತೀರಾ ಸ್ವಲ್ಪ, ಹೊಲಿಗೆಯ ತಗ್ಗುಗಳಿಗೆ ಮಾತ್ರ. ಕೆಳ ಅಂಚಿನಿಂದ ಒಂದು ಗೇಣಿನಷ್ಟು ಮೇಲಕ್ಕೆ ಕರಗುತ್ತ ಹೋಗಲಿ. ಪ್ರತಿ ಸಿಂಪರಣೆಯ ಹಿಂದೆಯೇ ಬರೀ ನೀರನ್ನು ಸಿಂಪಡಿಸಿ ಅಂಚನ್ನು ಕರಗಿಸಿ. ಒಂದೇ ಕಂದು, ಎಲ್ಲೆಡೆ ಒಂದೇ ಗಾಢತೆ, ಕತ್ತರಿಸಿದಂಥ ಅಂಚು: ಕೆಸರಿನ ನೋಟ ಬರುವುದು ಈ ಮೂರರಿಂದ.

ಮೊದಲ ಸುತ್ತಿನ ಸಿಂಪರಣೆಯನ್ನು ಬೆಲ್ಟು, ಎಡಹೆಗಲಿನ ಕೇಪು ಎಲ್ಲ ತೊಡಿಸಿದ ಬೊಂಬೆಯ ಮೇಲೆಯೇ ಮಾಡಿ (ಚರ್ಮದ ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ). ಬಿಚ್ಚಿದಾಗ ಅವುಗಳ ಕೆಳಗೆ ತಿಳಿಯಾದ ಪಟ್ಟಿ ಉಳಿದಿರುತ್ತದೆ. ಬೆಲ್ಟು ಸ್ವಲ್ಪ ಸರಿದಾಗ ಆ ಪಟ್ಟಿಯ ಅಂಚು ಇಣುಕುವುದೇ ನಿಜವಾದ ಬಳಕೆಯ ಗುರುತು. ಕೆಲಸವನ್ನು ಹಗಲಿನಲ್ಲಿ, ಬಯಲಿನಲ್ಲಿ ಮಾಡಿ, ಮೂರು ಮೀಟರ್ ದೂರದಿಂದ ಫೋನಿನ ಫ್ಲ್ಯಾಶ್ ಹಾಕಿ ಫೋಟೊ ತೆಗೆದು ನೋಡಿ. ಫ್ಲ್ಯಾಶ್ ಸಣ್ಣ ವ್ಯತ್ಯಾಸಗಳನ್ನು ನುಂಗುತ್ತದೆ, ಸಭಾಂಗಣದಲ್ಲಿ ನಿಮ್ಮ ಫೋಟೊಗಳು ಬಹುತೇಕ ಹಾಗೆಯೇ ಬರುವುದು. ಒಂದು ದಿನ ಪೂರ್ತಿ ಒಣಗಿದ ಮೇಲೆ ಮೇಲೊಂದು ಬಟ್ಟೆ ಹಾಸಿ ಪ್ರತಿ ಜಾಗಕ್ಕೂ ಮೂರ್ನಾಲ್ಕು ನಿಮಿಷ ಇಸ್ತ್ರಿ ಮಾಡಿದರೆ ಬಣ್ಣ ಕೂರುತ್ತದೆ. ಗಂಜಿ ಉಳಿದರೆ ಹುಳ ಬರುತ್ತದೆ, ಒಮ್ಮೆ ತಣ್ಣೀರಿನಲ್ಲಿ ಜಾಲಿಸಿ. ಕೇಬಲ್ ಟೈ ಒಳಗೆ ಹೋಗುವುದು ಇದಾದ ಮೇಲೆ, ಮೊದಲೇ ಹೋದರೆ ಇಸ್ತ್ರಿಗೆ ಬಾಗುತ್ತದೆ. ಕಡೆಯ ದೂಳಿಗೆ ಮುಲ್ತಾನಿ ಮಿಟ್ಟಿ ತಟ್ಟಬಹುದು, ಆದರೆ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವವರ ಬಟ್ಟೆಗೂ ಹತ್ತುತ್ತದೆ.

ಚರ್ಮ ಮತ್ತು ಲೋಹ

ಬೆಲ್ಟಿಗೆ 3 ಮಿ.ಮೀ. ವೆಜಿಟೆಬಲ್ ಟ್ಯಾನ್ ಚರ್ಮ. ಅಂಚನ್ನು 220 ನಂಬರಿನ ಕಾಗದದಿಂದ ಉಜ್ಜಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಮೆರುಗು ತೆಗೆದು, ಕೈಯಲ್ಲಿ ಸುರುಳಿ ಸುತ್ತಿ ಬಿಚ್ಚಿ ಬಿಚ್ಚಿ ನೆರಿಗೆ ಬರಿಸಿ, ಆ ನೆರಿಗೆಗೆ ಗಾಢ ಕಂದು ತೀಡಿ ಒರೆಸಿ. ಬಕಲ್ ಕೂರುವ ತೂತಿನ ಸುತ್ತ ಇನ್ನಷ್ಟು ಸವೆಸಿ. ರೆಕ್ಸಿನ್ ಉಜ್ಜಿದರೆ ಕೆಳಗಿನ ಬಿಳಿ ಬಟ್ಟೆ ಹೊರಬಂದು ಗುಟ್ಟು ರಟ್ಟಾಗುತ್ತದೆ, ಅದಕ್ಕೆ ಬಣ್ಣ ಮಾತ್ರ. ಮುಂಗೈ ಕವಚ, ಬಕಲ್ಲಿನ ಲಾಂಛನ 5 ಮಿ.ಮೀ. ಇವಿಎ ಫೋಮಿನಲ್ಲಿ (ರಬ್ಬರಿನಂಥ ಹಗುರ ಹಾಳೆ) ಮಾಡಿ, ಬೆಳ್ಳಿ ಬಣ್ಣದ ಮೇಲೆ ತೆಳು ಕರಿಗಂದು ಹರಿಸಿ ಒರೆಸಿ, ಏಣುಗಳಿಗೆ ಪೆನ್ಸಿಲಿನ ಗ್ರಾಫೈಟ್ ಪುಡಿ ತಿಕ್ಕಿದರೆ ಲೋಹದ ಹೊಳಪು ಬರುತ್ತದೆ. ಎಟ್ಸಿಯೊನ ಮುಂಗೈಯಲ್ಲಿ ಅಡಗಿರುವ ಗುಪ್ತ ಅಲಗನ್ನೂ ಫೋಮಿನಲ್ಲೇ ಮಾಡಿ. ಲೋಹದ ಅಲಗಿಗೂ ಸ್ಪ್ರಿಂಗ್ ಯಂತ್ರಕ್ಕೂ ಇಂಥ ಕಾರ್ಯಕ್ರಮಗಳ ತಪಾಸಣೆಯಲ್ಲಿ ಬಿಡುವುದಿಲ್ಲ.

ಬೆವರಿನ ವಾಸನೆಗೆ ಸ್ಪಿರಿಟ್ ಸಿಂಪಡಿಸುವುದಿದ್ದರೆ ಕಂಕುಳಿನ ಒಳಭಾಗಕ್ಕೆ ಮಾತ್ರ, ಅಕ್ರಿಲಿಕ್ ಬಣ್ಣದ ಮೇಲೆ ಬಿದ್ದರೆ ಅದು ಮೆತ್ತಗಾಗಿ ಎದ್ದುಬರುತ್ತದೆ. ಒಗೆಯುವಾಗ ಹುಡ್‌ನ ಬಾಯಿಯಿಂದ ಕ್ಯಾನ್ವಾಸ್ ಹೊರತೆಗೆದು, ಒಳಗನ್ನು ಹೊರಗೆ ಮಾಡಿ, ತಣ್ಣೀರಿನಲ್ಲಿ ಕೈಯಿಂದಲೇ ಜಾಲಿಸಿ ನೆರಳಿನಲ್ಲಿ ಒಣಗಿಸಿ. ನಡುಕಟ್ಟನ್ನು ಬೇರೆಯೇ ಒಗೆಯಿರಿ, ಕೆಂಪು ಬಿಡುತ್ತದೆ.